ತೊಂಬತ್ತು ಜನರಲ್ಲಿ ನಿಮ್ಮವನೊಬ್ಬ: ಪ್ಯಾಕರ್ಸ್ ಕ್ಯಾಂಪ್ ನೋಡೋದು ಹೇಗೆ

ಅಮೆರಿಕನ್ ಫುಟ್‌ಬಾಲ್ ನೋಡುವ ನಮ್ಮವರಲ್ಲಿ ಹೆಚ್ಚಿನವರು ಸೆಪ್ಟೆಂಬರ್‌ನಲ್ಲಿ ಟಿವಿ ಹಾಕುತ್ತಾರೆ, ಫೆಬ್ರವರಿಯಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ನೋಡಿ ಆರಿಸುತ್ತಾರೆ. ಜುಲೈ ಕೊನೆಯಿಂದ ಆಗಸ್ಟ್ ಕೊನೆವರೆಗೆ ನಡೆಯುವ ಟ್ರೈನಿಂಗ್ ಕ್ಯಾಂಪ್ (ಸೀಸನ್ ಮುಂಚಿನ ಅಭ್ಯಾಸ ಶಿಬಿರ) ಮತ್ತು ಪ್ರೀಸೀಸನ್ (ಲೆಕ್ಕಕ್ಕಿಲ್ಲದ ತಯಾರಿ ಪಂದ್ಯಗಳು) ಕಡೆ ಯಾರೂ ತಿರುಗಿ ನೋಡುವುದಿಲ್ಲ. ನನಗಂತೂ ವರ್ಷದ ಬೆಸ್ಟ್ ತಿಂಗಳು ಅದೇ. ನಾನು ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಹತ್ತಿರ, ತಂಡ ಗ್ರೀನ್ ಬೇ ಪ್ಯಾಕರ್ಸ್. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಅವರ ಕ್ಯಾಂಪಿನ ಬಗ್ಗೆ. ನಿಮ್ಮ ತಂಡ ಬೇರೆ ಇದ್ದರೂ ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಗ್ರೀನ್ ಬೇ ದೊಡ್ಡ ಊರಲ್ಲ. ಜನಸಂಖ್ಯೆ ಸುಮಾರು 1 ಲಕ್ಷದ 7 ಸಾವಿರ, ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು. ಅಲ್ಲಿನ ಲ್ಯಾಂಬೋ ಫೀಲ್ಡ್ ಸ್ಟೇಡಿಯಂನಲ್ಲಿ 81,441 ಜನ ಕೂರಬಹುದು. ತಂಡಕ್ಕೆ ಒಬ್ಬ ಸಾಹುಕಾರ ಮಾಲೀಕ ಅಂತ ಇಲ್ಲ, ಐದು ಲಕ್ಷಕ್ಕೂ ಜಾಸ್ತಿ ಷೇರುದಾರರೇ ಮಾಲೀಕರು. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಅದನ್ನು ಮಾರುವ ಹಾಗೂ ಇಲ್ಲ. ಆದರೂ ಜನ ಕೊಂಡು ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತಾರೆ. ಸೀಸನ್ ಟಿಕೆಟ್ ಬೇಕು ಅಂದರೆ ಒಂದು ಲಕ್ಷಕ್ಕೂ ಜಾಸ್ತಿ ಹೆಸರಿರುವ ಸರದಿಯಲ್ಲಿ ನಿಲ್ಲಬೇಕು. ಆದರೆ ಕ್ಯಾಂಪ್? ಜನರಿಗೆ ತೆರೆದಿರುವ ದಿನ ಹೋದರೆ ಒಂದು ಡಾಲರೂ ಕೊಡಬೇಕಿಲ್ಲ. ಅದೇ ಆಟಗಾರರು ನಿಮ್ಮಿಂದ ಹತ್ತಿಪ್ಪತ್ತು ಅಡಿ ದೂರದಲ್ಲಿ ಓಡುತ್ತಿರುತ್ತಾರೆ.

ಮೊದಲು ಕ್ಯಾಲೆಂಡರ್

ಜುಲೈ ಮೂರನೇ ಅಥವಾ ನಾಲ್ಕನೇ ವಾರ ಕ್ಯಾಂಪ್ ಶುರು. ಹೊಸಬರು ಸ್ವಲ್ಪ ಮುಂಚೆ ಬರುತ್ತಾರೆ, ಹಳಬರು ಆಮೇಲೆ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಫ್ಯಾಮಿಲಿ ನೈಟ್, ಸ್ಟೇಡಿಯಂ ಒಳಗೆ ದೀಪದ ಬೆಳಕಿನಲ್ಲಿ ನಡೆಯುವ ಅಭ್ಯಾಸ. ಅಲ್ಲಿಂದ ವಾರಕ್ಕೊಂದರಂತೆ ಮೂರು ಪ್ರೀಸೀಸನ್ ಪಂದ್ಯ. 2021ಕ್ಕೆ ಮುಂಚೆ ನಾಲ್ಕಿರುತ್ತಿತ್ತು, ಸೀಸನ್‌ಗೆ 17ನೇ ಪಂದ್ಯ ಸೇರಿಸಿದಾಗ ಇಲ್ಲಿ ಒಂದು ಕಡಿಮೆ ಮಾಡಿದರು. ಆಗಸ್ಟ್ ಕೊನೆಯ ಒಂದು ಮಂಗಳವಾರ 90 ಜನರ ಪಟ್ಟಿ 53ಕ್ಕೆ ಇಳಿಯಬೇಕು. ಆ ಮಂಗಳವಾರವನ್ನು ಈಗಲೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಈ ಇಡೀ ತಿಂಗಳು ಹೋಗಿ ಮುಟ್ಟುವುದು ಅಲ್ಲಿಗೇ.

ತೆರೆದ ಅಭ್ಯಾಸದ ದಿನಾಂಕಗಳು ತಂಡದ ವೆಬ್‌ಸೈಟಿನಲ್ಲಿ ಮುಂಚೆಯೇ ಬರುತ್ತವೆ. ಹೊರಡುವ ಹಿಂದಿನ ರಾತ್ರಿ ಇನ್ನೊಂದು ಸಲ ನೋಡಿ. ವೇಳೆ ಬದಲಾಗುತ್ತದೆ. ಗುಡುಗು ಮಳೆ ಬಂದರೆ ಅಭ್ಯಾಸವನ್ನು ಡಾನ್ ಹಟ್ಸನ್ ಸೆಂಟರ್ ಅನ್ನುವ ಒಳಾಂಗಣಕ್ಕೆ ಸಾಗಿಸುತ್ತಾರೆ, ಅಲ್ಲಿ ನಮಗೆ ಜಾಗ ಇಲ್ಲ. ಶಿಕಾಗೋದಿಂದ ಮೂರೂವರೆ ಗಂಟೆ ಓಡಿಸಿಕೊಂಡು ಬಂದು ಮಳೆಯಲ್ಲಿ ಮುಚ್ಚಿದ ಗೇಟು ನೋಡಿ ವಾಪಸ್ ಹೋದ ಕುಟುಂಬಗಳನ್ನು ನಾನೇ ನೋಡಿದ್ದೇನೆ. ಆಗಸ್ಟ್‌ನಲ್ಲಿ ಅಲ್ಲಿನ ಮಳೆ ಹೇಳಿ ಕೇಳಿ ಬರುವುದಲ್ಲ. ಆದ್ದರಿಂದ ಸಾಧ್ಯವಾದರೆ ಎರಡು ದಿನ ಇಟ್ಟುಕೊಂಡು ಹೋಗಿ.

ಯಾವ ದಿನ ಹೋಗಬೇಕು ಅಂತ ಕೇಳಿದರೆ, ಮೊದಲ ದಿನ ಬೇಡ. ಆಟಗಾರರ ಸಂಘದ ಜೊತೆ ಆಗಿರುವ ಒಪ್ಪಂದದ ಪ್ರಕಾರ ಶುರುವಿನ ನಾಲ್ಕೈದು ದಿನ ಪ್ಯಾಡ್ ಹಾಕುವ ಹಾಗಿಲ್ಲ. ಹೆಲ್ಮೆಟ್ಟು, ಜರ್ಸಿ, ಚಡ್ಡಿ ಅಷ್ಟೇ. ಆ ದಿನಗಳಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಪ್ಯಾಡ್ ಕಟ್ಟಿದ ಮೊದಲ ದಿನ, ಅಥವಾ ಅದರ ಮರುದಿನ, ಅವತ್ತು ಹೋಗಿ. ಭುಜಕ್ಕೆ ಭುಜ ತಾಗಿದಾಗ ಬರುವ ಆ ಸದ್ದು ಟಿವಿಯಲ್ಲಿ ಕೇಳಿಸುವುದೇ ಇಲ್ಲ.

ಪಟ್ಟಿ ಪ್ರಿಂಟ್ ಮಾಡಿ, ಒಬ್ಬನನ್ನು ಆರಿಸಿಕೊಳ್ಳಿ

ಈ ಹೆಜ್ಜೆ ಮಾತ್ರ ಬಿಡಬೇಡಿ. 90 ಜನರ ರೋಸ್ಟರ್ ಅನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ. ಫೋನಿನಲ್ಲಿ ಬೇಡ, ಬಿಸಿಲಿಗೆ ಸ್ಕ್ರೀನ್ ಕಾಣಿಸುವುದಿಲ್ಲ. ಇನ್ನೊಂದು ಕಾರಣವೂ ಇದೆ. ಕ್ಯಾಂಪಿನಲ್ಲಿ ಜನ ಜಾಸ್ತಿ, ನಂಬರು ಕಮ್ಮಿ. ಹಾಗಾಗಿ ಒಂದೇ ನಂಬರನ್ನು ಇಬ್ಬರು ಹಾಕಿಕೊಂಡಿರುತ್ತಾರೆ, ಒಬ್ಬ ಆಫೆನ್ಸ್ (ಚೆಂಡು ಮುಂದೆ ಒಯ್ಯುವ ಬಳಗ), ಒಬ್ಬ ಡಿಫೆನ್ಸ್ (ಅದನ್ನು ತಡೆಯುವ ಬಳಗ). ಜರ್ಸಿ ಬಣ್ಣ ನೋಡಿ ಗುರುತು ಹಿಡಿಯಬೇಕು. ಕೆಂಪು ಜರ್ಸಿ ಹಾಕಿದವರು ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಎಸೆದು ಆಟ ನಡೆಸುವವರು, ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ಹೆಲ್ಮೆಟ್ ಮೇಲೆ ಮೆತ್ತೆಯ ಟೊಪ್ಪಿ ಥರ ಕಾಣುವುದು ಗಾರ್ಡಿಯನ್ ಕ್ಯಾಪ್, ತಲೆಗೆ ಬೀಳುವ ಪೆಟ್ಟಿನ ಜೋರು ತಗ್ಗಿಸಲು. 2022ರಿಂದ ಕ್ಯಾಂಪಿನಲ್ಲಿ ಕೆಲವು ಸ್ಥಾನಗಳಿಗೆ ಕಡ್ಡಾಯ ಮಾಡಿದರು, ಆಮೇಲೆ ಇನ್ನಷ್ಟು ಸ್ಥಾನಗಳಿಗೆ ವಿಸ್ತರಿಸಿದರು. ಅದರಿಂದ ಮುಖ ಗುರುತು ಹಿಡಿಯುವುದು ಇನ್ನೂ ಕಷ್ಟ. ಕಾಗದ ಬೇಕೇ ಬೇಕು.

ಈಗ ಆ 90 ಜನರನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ. ಮೊದಲ 40 ಜನರ ಜಾಗ ಗಟ್ಟಿ, ಏನೂ ಅನಾಹುತ ಆಗದಿದ್ದರೆ ಅವರು ಇದ್ದೇ ಇರುತ್ತಾರೆ. ಕೊನೆಯ 20–25 ಜನರಿಗೆ ದಾರಿ ತುಂಬಾ ಕಿರಿದು. ಮಧ್ಯದಲ್ಲಿ ಇರುವ ಇಪ್ಪತ್ತೈದು ಜನರಿದ್ದಾರಲ್ಲ, ಅವರು ಹನ್ನೆರಡು ಹದಿಮೂರು ಜಾಗಕ್ಕೆ ಹೋರಾಡುತ್ತಿರುತ್ತಾರೆ. ಕ್ಯಾಂಪ್ ಇರುವುದೇ ಅವರಿಗೋಸ್ಕರ ಅಂತ ನನ್ನ ನಂಬಿಕೆ. ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಹೇಗೆ ಎಸೆಯುತ್ತಾನೆ ಅನ್ನುವುದನ್ನು ಸೆಪ್ಟೆಂಬರ್‌ನಿಂದ ಎಷ್ಟು ಬೇಕಾದರೂ ನೋಡಬಹುದು. ಈ ಇಪ್ಪತ್ತೈದು ಜನರನ್ನು ನೋಡಲು ಸಿಗುವುದು ಈ ಐದು ವಾರ ಮಾತ್ರ.

ಅವರಲ್ಲಿ ಒಬ್ಬನನ್ನು ಆರಿಸಿಕೊಳ್ಳಿ. ಒಬ್ಬನೇ ಸಾಕು. ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಯಾರೂ ಆರಿಸದೆ ಬಂದವನಾದರೆ ಇನ್ನೂ ಒಳ್ಳೆಯದು. ಅವನ ಹೆಸರಿನ ಕೆಳಗೆ ಗೆರೆ ಎಳೆಯಿರಿ, ಯಾವ ಕಾಲೇಜು, ಯಾವ ಸ್ಥಾನ, ಆ ಸ್ಥಾನದಲ್ಲಿ ಅವನ ಮುಂದೆ ಎಷ್ಟು ಜನ ಇದ್ದಾರೆ ಅಂತ ಬರೆದುಕೊಳ್ಳಿ. 2010ರ ಕ್ಯಾಂಪಿಗೆ ಸ್ಯಾಮ್ ಶೀಲ್ಡ್ಸ್ ಬಂದದ್ದು ಹಾಗೆಯೇ, ಡ್ರಾಫ್ಟ್ ಆಗದೆ. ಅದೇ ಸೀಸನ್ನಿನ ಜನವರಿಯಲ್ಲಿ ಶಿಕಾಗೋ ಬೇರ್ಸ್ ವಿರುದ್ಧದ ಎನ್‌ಎಫ್‌ಸಿ ಫೈನಲ್‌ನಲ್ಲಿ (ಸೂಪರ್ ಬೌಲ್‌ಗೆ ಮುಂಚಿನ ಸುತ್ತು) ಎದುರಾಳಿ ಎಸೆದ ಚೆಂಡನ್ನು ಎರಡು ಸಲ ಕಿತ್ತುಕೊಂಡ. ಆಮೇಲೆ ತಂಡ ಸೂಪರ್ ಬೌಲ್ ಗೆದ್ದಿತು. ಆ ತಂಡದ ಇನ್ನೊಬ್ಬ ಕಾರ್ನರ್‌ಬ್ಯಾಕ್ (ಚೆಂಡು ಹಿಡಿಯಲು ಓಡುವವರನ್ನು ಕಾಯುವವನು) ಟ್ರಮಾನ್ ವಿಲಿಯಮ್ಸ್ ಕೂಡ ಡ್ರಾಫ್ಟ್ ಆಗದವನೇ, ಬೇರೆ ತಂಡ ಕೈಬಿಟ್ಟ ಮೇಲೆ ಪ್ರಾಕ್ಟೀಸ್ ಸ್ಕ್ವಾಡ್‌ಗೆ (53ರ ಹೊರಗೆ ಇಟ್ಟುಕೊಳ್ಳುವ ಅಭ್ಯಾಸದ ಬಳಗ) ಬಂದು ಮೇಲೆ ಬಂದವನು. ಆ ಆಗಸ್ಟ್‌ನಲ್ಲಿ ಬೇಲಿ ಹತ್ತಿರ ನಿಂತು ಶೀಲ್ಡ್ಸ್ ಹೆಸರಿನ ಕೆಳಗೆ ಗೆರೆ ಎಳೆದವರು ಯಾರಾದರೂ ಇದ್ದರೆ, ಅವರಿಗೆ ಆ ಜನವರಿ ಸಂಜೆ ಹೇಗಿದ್ದಿರಬಹುದು ಯೋಚಿಸಿ.

ಹೋಗುವ ಬೆಳಗ್ಗೆ: ಸೈಕಲ್ ಮರೆಯಬೇಡಿ

ಮಿಲ್ವಾಕಿಯಿಂದ ಐ-43 ಹಿಡಿದರೆ ಎರಡು ಗಂಟೆ. ಅಭ್ಯಾಸ ಹೆಚ್ಚಾಗಿ ಬೆಳಗ್ಗೆ ಹೊತ್ತಿನಲ್ಲಿ ಇರುತ್ತದೆ. ಕನಿಷ್ಠ ಒಂದೂವರೆ ಗಂಟೆ ಮುಂಚೆ ಅಲ್ಲಿರಿ. ಟೋಪಿ, ಸನ್‌ಸ್ಕ್ರೀನ್, ನೀರು, ತೆಳುವಾದ ಒಂದು ಜರ್ಕಿನ್. ಬೆಳಗ್ಗೆ ತಣ್ಣಗಿದ್ದದ್ದು ಹನ್ನೊಂದರ ಹೊತ್ತಿಗೆ ಚೆನ್ನಾಗಿ ಸುಡುತ್ತದೆ. ನಾವು ಡಬ್ಬಿಯಲ್ಲಿ ಚಿತ್ರಾನ್ನ, ಚಪಾತಿ ಪಲ್ಯ ತೆಗೆದುಕೊಂಡು ಹೋಗಿ ಕಾರಿನ ಹತ್ತಿರವೇ ತಿನ್ನುತ್ತೇವೆ. ಕೈಚೀಲ ಚಿಕ್ಕದಿರಲಿ. ಗೇಟಿನ ಹತ್ತಿರ ಬರೆದಿರುವ ನಿಯಮ ಓದಿಕೊಂಡೇ ಒಳಗೆ ಹೋಗಿ, ಕ್ಯಾಮೆರಾ ಬಗ್ಗೆ ಇರುವುದನ್ನು ಮುಖ್ಯವಾಗಿ.

ಮಕ್ಕಳಿದ್ದರೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಳ್ಳಿ. ಇದು ಗ್ರೀನ್ ಬೇಯಲ್ಲಿ ಬಿಟ್ಟು ಬೇರೆಲ್ಲೂ ಸಿಗದ ಸಂಗತಿ. ಅಭ್ಯಾಸ ನಡೆಯುವ ರೇ ನಿಟ್ಸ್‌ಕೀ ಫೀಲ್ಡ್ ಇರುವುದು ಸ್ಟೇಡಿಯಂನ ಎದುರಿಗೆ, ರಸ್ತೆ ಆಚೆ. ಆಟಗಾರರು ಡ್ರೆಸ್ಸಿಂಗ್ ರೂಮಿನಿಂದ ಅಲ್ಲಿಗೆ ಹೋಗುವುದು ಊರಿನ ಮಕ್ಕಳ ಸೈಕಲ್ ಹತ್ತಿ. ವಿನ್ಸ್ ಲೊಂಬಾರ್ಡಿ ಕೋಚ್ ಆಗಿದ್ದ ಕಾಲದಿಂದ ನಡೆದುಬಂದ ಪದ್ಧತಿ ಇದು. ಆಟಗಾರ ಸೈಕಲ್ ತುಳಿಯುತ್ತಾನೆ, ಮಗು ಅವನ ಹೆಲ್ಮೆಟ್ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತದೆ.

ನಮ್ಮ ಮಗಳಿಗೆ ಆಗ 8 ವರ್ಷ. ನೇರಳೆ ಬಣ್ಣದ ಸೈಕಲ್, ಹ್ಯಾಂಡಲ್‌ಗೆ ಜರಿ ಎಳೆಗಳು, ಮುಂದೆ ಒಂದು ಬುಟ್ಟಿ. ಮುಕ್ಕಾಲು ಗಂಟೆ ನಿಂತಿದ್ದಳು. ಎಷ್ಟೋ ಆಟಗಾರರು ಬಂದರು, ಪಕ್ಕದ ಮಕ್ಕಳ ಸೈಕಲ್ ತೆಗೆದುಕೊಂಡು ಹೋದರು. ಇವಳು ಬ್ರೇಕ್ ಮೇಲೆ ಬೆರಳು ಇಟ್ಟುಕೊಂಡು ಸುಮ್ನೆ ನೆಲ ನೋಡುತ್ತಿದ್ದಳು. ಕೊನೆಗೆ ಒಬ್ಬ ಆಫೆನ್ಸಿವ್ ಲೈನ್‌ಮನ್, ನೂರ ನಲವತ್ತು ಕಿಲೋ ಇದ್ದಿರಬೇಕು, ಬಗ್ಗಿ ಅವಳ ಹೆಸರು ಕೇಳಿದ. ಅವಳು ಹೇಳಿದಳು. ಅವನಿಗೆ ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಕೇಳಿದ, ಸರಿಯಾಗಿ ಹೇಳುವವರೆಗೆ ಬಿಡಲಿಲ್ಲ. ಆಮೇಲೆ ಹೆಲ್ಮೆಟ್ಟನ್ನು ಅವಳ ಎರಡೂ ಕೈಗೆ ಇಟ್ಟ. ಅವನು ಕೂತಾಗ ಹಿಂದಿನ ಟೈರು ಚಪ್ಪಟೆಯಾಗಿ ನೆಲಕ್ಕೆ ಅಂಟಿತು, ಮೊಣಕಾಲು ಎದೆಗೆ ತಾಗುತ್ತಿತ್ತು, ಪೆಡಲ್ ತುಳಿಯಲಾಗದೆ ಕಾಲಿನಿಂದಲೇ ನೆಲ ಒದ್ದುಕೊಂಡು ಹೊರಟ. ಇವಳು ಹೆಲ್ಮೆಟ್ ಅಪ್ಪಿಕೊಂಡು ಓಡಿದಳು. ಆ ಹೆಲ್ಮೆಟ್ ಒಳಗಿನ ಬೆವರಿನ ವಾಸನೆ ಅವಳ ಟೀ ಶರ್ಟಿಗೆ ಹತ್ತಿತ್ತು, ಎರಡು ದಿನ ಒಗೆಯಲು ಕೊಡಲಿಲ್ಲ.

ಕೆಲವು ಸೂಚನೆ. ಟೈರಿಗೆ ಗಾಳಿ ಗಟ್ಟಿಯಾಗಿ ಹಾಕಿಸಿ. ತೀರಾ ಹೊಸ, ದುಬಾರಿ ಸೈಕಲ್ ಬೇಡ. 2019ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಜೊತೆಗಿನ ಜಂಟಿ ಅಭ್ಯಾಸಕ್ಕೆ ಬಂದಿದ್ದ, ವಿಸ್ಕಾನ್ಸಿನ್‌ನವನೇ ಆದ ಜೆ.ಜೆ. ವಾಟ್ ಕೂತಾಗ ಒಂದು ಮಗುವಿನ ಸೈಕಲ್ ಮುರಿದಿತ್ತು. ಹೊಸದು ಕೊಡಿಸುತ್ತೇನೆ ಅಂತ ಅವನೇ ಹೇಳಿದ, ಅದು ಬೇರೆ ಮಾತು. ಮತ್ತೆ, ಮಗುವಿಗೆ ಮೊದಲೇ ಹೇಳಿಡಿ, ಇವತ್ತು ಯಾರೂ ತೆಗೆದುಕೊಳ್ಳದೆಯೂ ಇರಬಹುದು ಅಂತ. ಕೆಲವು ಆಟಗಾರರು ಇಡೀ ಕ್ಯಾಂಪಿಗೆ ಒಂದೇ ಮಗುವಿನ ಸೈಕಲ್ ಹಿಡಿಯುತ್ತಾರೆ. ನಿರಾಸೆ ಆಗಬಹುದು, ಅದಕ್ಕೆ ಮಗುವನ್ನು ತಯಾರು ಮಾಡುವುದು ನಮ್ಮ ಕೆಲಸ.

ಬೇಲಿ ಹತ್ತಿರ ನಿಂತು ಏನು ನೋಡಬೇಕು

ಹೊಸಬರು ಮಾಡುವ ತಪ್ಪು ಅಂದರೆ ಚೆಂಡನ್ನೇ ನೋಡುವುದು. ಮೈದಾನದಲ್ಲಿ ಒಂದೇ ಹೊತ್ತಿಗೆ ನಾಲ್ಕೈದು ಕಡೆ ಕೆಲಸ ನಡೆಯುತ್ತಿರುತ್ತದೆ. ನಿಮ್ಮವನು ಎಲ್ಲಿದ್ದಾನೆ ಹುಡುಕಿ, ಅವನನ್ನೇ ನೋಡಿ.

ಒಬ್ಬರಿಗೊಬ್ಬರು ಎದುರಾಗುವ ಡ್ರಿಲ್‌ಗಳು ನೋಡಲು ಬಹಳ ಚೆಂದ, ಆದರೆ ಮೋಸ ಮಾಡುತ್ತವೆ. ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಮತ್ತು ಕಾರ್ನರ್‌ಬ್ಯಾಕ್ ಇಬ್ಬರೇ ಇದ್ದಾಗ ರಿಸೀವರ್‌ಗೆ ಇಡೀ ಮೈದಾನ ಖಾಲಿ ಸಿಗುತ್ತದೆ, ಅವನೇ ಗೆಲ್ಲಬೇಕು. ಲೈನ್‌ಮನ್‌ಗಳ ಡ್ರಿಲ್‌ನಲ್ಲಿ ಉಲ್ಟಾ: ತಡೆಯುವವನಿಗೆ ಪಕ್ಕದವನ ಸಹಾಯ ಇಲ್ಲ, ನುಗ್ಗುವವನಿಗೆ ಅನುಕೂಲ. ಆದ್ದರಿಂದ ಕಷ್ಟದ ಕಡೆ ಇರುವವನು ಗೆದ್ದಾಗ ಮಾತ್ರ ಬರೆದುಕೊಳ್ಳಿ. ರನ್ನಿಂಗ್ ಬ್ಯಾಕ್‌ಗಳ (ಚೆಂಡು ಕೈಯಲ್ಲಿಟ್ಟುಕೊಂಡು ನುಗ್ಗಿ ಓಡುವವರು) ಬಗ್ಗೆ ಅಭ್ಯಾಸದಲ್ಲಿ ತೀರ್ಮಾನಕ್ಕೆ ಬರಲೇಬೇಡಿ, ಇಲ್ಲಿ ಸಾಮಾನ್ಯವಾಗಿ ನೆಲಕ್ಕೆ ಕೆಡವುವುದಿಲ್ಲ, ತಟ್ಟಿ ಬಿಡುತ್ತಾರೆ. ಅವನು ಟ್ಯಾಕಲ್ ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ ಗೊತ್ತಾಗುವುದು ಪಂದ್ಯದಲ್ಲೇ.

11 ಜನಕ್ಕೆ 11 ಜನ ಆಡುವಾಗ ಎಣಿಸಬೇಕಾದದ್ದು ಒಂದೇ: ನಿಮ್ಮವನು ಯಾರ ಜೊತೆ ಆಡುತ್ತಿದ್ದಾನೆ. ಮೊದಲ ತಂಡದ ಜೊತೆಯೋ, ಎರಡನೆಯದೋ, ಮೂರನೆಯದೋ. ಸೋಮವಾರ ಮೂರನೆಯದರಲ್ಲಿದ್ದವನು ಗುರುವಾರ ಎರಡನೆಯದರಲ್ಲಿ ನಾಲ್ಕು ಆಟ ಆಡಿದರೆ ಕೋಚ್‌ಗಳ ಮನಸ್ಸಿನಲ್ಲಿ ಏನೋ ಆಗಿದೆ ಅಂತ ಅರ್ಥ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಎಣಿಸಬೇಕು.

ಆಮೇಲೆ ಸ್ಪೆಷಲ್ ಟೀಮ್ಸ್, ಅಂದರೆ ಚೆಂಡು ಒದೆಯುವ ಆಟಗಳಿಗೆ ಇಳಿಯುವ ಬಳಗ. ಪಂಟ್ (ಚೆಂಡನ್ನು ಎದುರಾಳಿ ಕಡೆ ದೂರ ಒದ್ದು ಬಿಟ್ಟುಕೊಡುವುದು), ಕಿಕ್‌ಆಫ್ (ಆಟ ಶುರು ಮಾಡುವ ಒದೆತ) ಅಭ್ಯಾಸ ಶುರುವಾದ ಕೂಡಲೇ ಜನ ಎದ್ದು ಕಾಫಿಗೆ ಹೋಗುತ್ತಾರೆ. ನೀವು ಹೋಗಬೇಡಿ. 53 ಜನರಲ್ಲಿ ಪಂದ್ಯದ ದಿನ ಡ್ರೆಸ್ ಮಾಡುವುದು 48ರವರೆಗೆ ಮಾತ್ರ. ಐದನೇ ರಿಸೀವರ್, ನಾಲ್ಕನೇ ಸೇಫ್ಟಿ (ಡಿಫೆನ್ಸ್ ಹಿಂಬದಿಯ ಕಾವಲುಗಾರ) ಇವರನ್ನೆಲ್ಲ ಇಟ್ಟುಕೊಳ್ಳುವುದು ಅವರು ಪಂಟ್ ಹಿಂದೆ ಓಡಿ ಹೊಡೆಯುತ್ತಾರೆ ಅನ್ನುವ ಕಾರಣಕ್ಕೆ. 2024ರಲ್ಲಿ ಕಿಕ್‌ಆಫ್ ನಿಯಮವನ್ನೇ ಬದಲಾಯಿಸಿದ ಮೇಲೆ ಒದ್ದ ಚೆಂಡು ಹಿಡಿದು ಓಡುವವರ ಬೆಲೆ ಇನ್ನೂ ಏರಿದೆ. ನಿಮ್ಮವನು ಮೊದಲ ಪಂಟ್ ತಂಡದಲ್ಲಿ ನಿಂತಿದ್ದಾನಾ? ಆ ಕಾಗದದ ಮೇಲೆ ದೊಡ್ಡದಾಗಿ ಒಂದು ನಕ್ಷತ್ರ ಹಾಕಿ.

ಅಭ್ಯಾಸ ಮುಗಿದ ಮೇಲೂ ಹತ್ತು ನಿಮಿಷ ಇರಿ. ದೊಡ್ಡ ಹೆಸರಿನವರು ಬೇಲಿ ಹತ್ತಿರ ಸಹಿ ಹಾಕುವಾಗ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ. ಒಂದು ವರ್ಷ ನಾನು ಗೆರೆ ಎಳೆದಿದ್ದ ರಿಸೀವರ್ ಆ ಹೊತ್ತಿನಲ್ಲಿ ಮೈದಾನದ ಆಚೆ ತುದಿಯಲ್ಲಿ ಚೆಂಡು ಎಸೆಯುವ ಯಂತ್ರದ ಮುಂದೆ ಒಬ್ಬನೇ ನಿಂತಿದ್ದ. ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದೇ ಕೈಯಲ್ಲಿ ಹಿಡಿಯುತ್ತಿದ್ದ. ನಲವತ್ತೊಂದು ಎಣಿಸಿದೆ. ಎರಡು ಬಿಟ್ಟ. ಎರಡು ಸಲವೂ ಓಡಿಹೋಗಿ ಚೆಂಡು ತಂದು, ಮತ್ತೆ ಅದೇ ಜಾಗದಲ್ಲಿ ಕಾಲು ಊರಿ ನಿಂತ.

ಸಹಿ ಬೇಕಿದ್ದರೆ ಇಂಥವರ ಹತ್ತಿರ ಕೇಳಿ. ಹೆಸರು ಹಿಡಿದು ಕರೆಯಿರಿ, ನಂಬರು ಹಿಡಿದು ಅಲ್ಲ. ತನ್ನ ಹೆಸರು ಗೊತ್ತಿರುವವರು ಯಾರೋ ಇದ್ದಾರೆ ಅಂದಾಗ ಅವರ ಮುಖ ನೋಡಬೇಕು ನೀವು.

ಫ್ಯಾಮಿಲಿ ನೈಟ್

ಇದಕ್ಕೆ ಟಿಕೆಟ್ ಇದೆ, ಆದರೆ ಪಂದ್ಯದ ಟಿಕೆಟ್ಟಿಗೆ ಹೋಲಿಸಿದರೆ ಬಹಳ ಅಗ್ಗ. ಲ್ಯಾಂಬೋ ಒಳಗೆ, ದೀಪದ ಬೆಳಕಿನಲ್ಲಿ ಅಭ್ಯಾಸ, ಕೊನೆಗೆ ಪಟಾಕಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆ ದಿನ ಇಲ್ಲ. ಸ್ಟೇಡಿಯಂ ಒಳಗೆ ಪಾರದರ್ಶಕ ಚೀಲ ಮಾತ್ರ, ಅಳತೆ 12 ಇಂಚು, 6 ಇಂಚು, 12 ಇಂಚು ಮೀರಬಾರದು. ಅಮ್ಮನ ದೊಡ್ಡ ವ್ಯಾನಿಟಿ ಬ್ಯಾಗ್ ಕಾರಿನಲ್ಲೇ ಇರಲಿ. ಪಕ್ಕದ ಟೈಟಲ್‌ಟೌನ್ ಪಾರ್ಕಿನಲ್ಲಿ ಮಕ್ಕಳು ಆಡಬಹುದು. ಕರಿದ ಚೀಸ್ ಕರ್ಡ್ಸ್ (ಚೀಸಿನ ಚಿಕ್ಕ ತುಂಡುಗಳು) ಬಿಸಿಯಾಗಿದ್ದಾಗಲೇ ತಿನ್ನಿ.

ಪ್ರೀಸೀಸನ್ ಪಂದ್ಯ: ಸ್ಕೋರ್ ಬಿಡಿ, ನಾಲ್ಕನೇ ಕ್ವಾರ್ಟರ್ ನೋಡಿ

ಡೆಟ್ರಾಯಿಟ್ ಲಯನ್ಸ್ 2008ರ ಪ್ರೀಸೀಸನ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದರು. ಆಮೇಲೆ ಸೀಸನ್‌ನಲ್ಲಿ ಹದಿನಾರಕ್ಕೆ ಹದಿನಾರೂ ಸೋತರು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಥೆಯೂ ಅಕ್ಷರಶಃ ಅದೇ. ಹಾಗಾಗಿ ಯಾರು ಗೆದ್ದರು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮುಖ್ಯ ಆಟಗಾರರು ಶುರುವಿನಲ್ಲಿ ಸ್ವಲ್ಪ ಹೊತ್ತು ಆಡಿ ಕೂರುತ್ತಾರೆ, ಕೆಲವು ಸಲ ಇಳಿಯುವುದೇ ಇಲ್ಲ. ಅದಕ್ಕೆ ಕಾರಣ ಇದೆ. 2015ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇಂಥದ್ದೇ ಲೆಕ್ಕಕ್ಕಿಲ್ಲದ ಪಂದ್ಯ. ನಮ್ಮ ಮುಖ್ಯ ರಿಸೀವರ್ ಜೋರ್ಡಿ ನೆಲ್ಸನ್ ಚೆಂಡು ಹಿಡಿದು ತಿರುಗಿದ, ಯಾರೂ ಹೊಡೆಯಲಿಲ್ಲ, ಮೊಣಕಾಲಿನ ಲಿಗಮೆಂಟ್ ಹರಿಯಿತು. ಇಡೀ ವರ್ಷ ಹೋಯಿತು. ಅವತ್ತಿನ ಹೊಟ್ಟೆಯುರಿ ನನಗೆ ಇನ್ನೂ ಆರಿಲ್ಲ. ಆದ್ದರಿಂದ ಸ್ಟಾರ್‌ಗಳು ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರೆ ಸಂತೋಷಪಡಿ.

ಎರಡನೇ ಅರ್ಧದಲ್ಲಿ ಸ್ಟೇಡಿಯಂ ಖಾಲಿಯಾಗುತ್ತದೆ, ಟಿವಿ ಮುಂದಿನವರು ಮಲಗುತ್ತಾರೆ. ನಿಮ್ಮವನು ಇಳಿಯುವುದೇ ಆಗ. ಭಾರತದಲ್ಲಿ ಕೂತು ನೋಡುವವರಿಗೆ ಒಂದು ಅನುಕೂಲ ಇದೆ: ಗ್ರೀನ್ ಬೇಯಲ್ಲಿ ಸಂಜೆ 7 ಅಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ 5:30. ನಾಲ್ಕನೇ ಕ್ವಾರ್ಟರ್ ಬರುವಷ್ಟರಲ್ಲಿ ಎದ್ದು ಕಾಫಿ ಕುಡಿದು ಆಗಿರುತ್ತದೆ. ಪಂದ್ಯ ಮುಗಿದ ಮೇಲೆ ಅವನು ಎಷ್ಟು ಸ್ನ್ಯಾಪ್ (ಚೆಂಡು ಚಾಲನೆಗೆ ಬರುವ ಒಂದೊಂದು ಆಟ) ಆಡಿದ, ಅದರಲ್ಲಿ ಸ್ಪೆಷಲ್ ಟೀಮ್ಸ್ ಎಷ್ಟು ಅಂತ ನೋಡಿ ಬರೆದುಕೊಳ್ಳಿ. ಹಿಡಿದ ಚೆಂಡಿನ ಲೆಕ್ಕಕ್ಕಿಂತ ಇದು ಮುಖ್ಯ. ಯಾವಾಗ ಇಳಿದ ಅನ್ನುವುದೂ ಮುಖ್ಯ. ಮೂರು ಪಂದ್ಯದಲ್ಲಿ ಪ್ರತಿ ಸಲ ಸ್ವಲ್ಪ ಮುಂಚೆ ಇಳಿಯುತ್ತಿದ್ದರೆ ಒಳ್ಳೆ ಲಕ್ಷಣ.

ನಡುವೆ ಬೇರೆ ತಂಡದ ಜೊತೆ ಜಂಟಿ ಅಭ್ಯಾಸ ಇದ್ದರೆ ಅದನ್ನು ತಪ್ಪಿಸಬೇಡಿ. ಈಗೀಗ ಕೋಚ್‌ಗಳು ಪ್ರೀಸೀಸನ್ ಪಂದ್ಯಕ್ಕಿಂತ ಅದಕ್ಕೇ ಜಾಸ್ತಿ ಬೆಲೆ ಕೊಡುತ್ತಾರೆ, ಮುಖ್ಯ ಆಟಗಾರರು ಪೂರ್ತಿ ಜೋರಿನಲ್ಲಿ ಆಡುವುದು ಅಲ್ಲೇ.

ಕೊನೆಯ ಮಂಗಳವಾರ

ಗ್ರೀನ್ ಬೇ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆಗೆ ಗಡುವು. ಸುದ್ದಿ ಬೆಳಗ್ಗೆಯಿಂದಲೇ ಒಂದೊಂದಾಗಿ ಬರಲು ಶುರು. 32 ತಂಡ ಸೇರಿ ಸಾವಿರಕ್ಕೂ ಜಾಸ್ತಿ ಹುಡುಗರು ಒಂದೆರಡು ದಿನದಲ್ಲಿ ಕೆಲಸ ಕಳೆದುಕೊಳ್ಳುತ್ತಾರೆ. ಅವತ್ತು ಅವರ ಪೇಜಿಗೆ ಹೋಗಿ ಕೆಟ್ಟದಾಗಿ ಬರೆಯುವವರು ಇರುತ್ತಾರೆ, ದಯವಿಟ್ಟು ನೀವು ಹಾಗೆ ಮಾಡಬೇಡಿ. ಅವರಲ್ಲಿ ಬಹಳಷ್ಟು ಜನ 22–23 ವರ್ಷದವರು.

ಹೆಸರು ಪಟ್ಟಿಯಲ್ಲಿ ಇಲ್ಲ ಅಂದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ನಾಲ್ಕು ಸೀಸನ್ ಪೂರೈಸದವರು ವೇವರ್‌ಗೆ ಹೋಗುತ್ತಾರೆ, ಬೇರೆ ಯಾವ ತಂಡ ಬೇಕಾದರೂ ಕೇಳಬಹುದು. ಅದರ ಗಡುವು ಬುಧವಾರ ಬೆಳಗ್ಗೆ 11. ಯಾರೂ ಕೇಳದಿದ್ದರೆ ಪ್ರಾಕ್ಟೀಸ್ ಸ್ಕ್ವಾಡ್, 16 ಜಾಗ, ಹೆಚ್ಚಾಗಿ ಅದೇ ತಂಡದಲ್ಲೇ. ಅಲ್ಲಿಂದ ಸೀಸನ್ ನಡುವೆ ಮೇಲೆ ಬರುವವರು ಪ್ರತಿ ವರ್ಷ ಇದ್ದಾರೆ. ಪೂರ್ತಿ ಹೊರಗೆ ಹೋದವರದ್ದೂ ಕಥೆ ಇದೆ. 1994ರ ಪ್ಯಾಕರ್ಸ್ ಕ್ಯಾಂಪಿನಿಂದ ಹೊರಗೆ ಹಾಕಿದ ಒಬ್ಬ ಕ್ವಾರ್ಟರ್‌ಬ್ಯಾಕ್ ಅಯೋವಾದಲ್ಲಿ ದಿನಸಿ ಅಂಗಡಿಯ ಕಪಾಟು ತುಂಬಿಸುವ ಕೆಲಸಕ್ಕೆ ಸೇರಿದ. ಐದು ವರ್ಷದ ಮೇಲೆ, 1999ರ ಸೀಸನ್‌ನಲ್ಲಿ, ಲೀಗಿನ ಅತ್ಯುತ್ತಮ ಆಟಗಾರ ಅವನೇ, ಸೂಪರ್ ಬೌಲ್ ಗೆದ್ದವನೂ ಅವನೇ. ಕರ್ಟ್ ವಾರ್ನರ್.

ಆ ಯಂತ್ರದ ಮುಂದೆ ನಿಂತಿದ್ದ ರಿಸೀವರ್ ಹೆಸರು ಆ ಮಂಗಳವಾರ ಮಧ್ಯಾಹ್ನ ಹೋದವರ ಪಟ್ಟಿಯಲ್ಲಿ ಬಂತು. ಆಫೀಸಿನಲ್ಲಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಬುಧವಾರ 11ಕ್ಕೆ ಯಾರೂ ಕೇಳಲಿಲ್ಲ. ಸಂಜೆ ಐದರ ಹೊತ್ತಿಗೆ ಪ್ರಾಕ್ಟೀಸ್ ಸ್ಕ್ವಾಡ್ ಪಟ್ಟಿ ಬಂತು, ಮೇಲಿನಿಂದ ಬೆರಳಿಟ್ಟು ಓದಿದೆ. ಹದಿಮೂರನೇ ಹೆಸರು ಅವನದು. ಮನೆಗೆ ಬಂದು ಮಗಳಿಗೆ ಹೇಳಿದೆ. ಫ್ರಿಜ್ ಮೇಲೆ ಅಂಟಿಸಿದ್ದ ಕಾಗದದಲ್ಲಿ ನಾನು ಹೊಡೆದು ಹಾಕಿದ್ದ ಅವನ ಹೆಸರನ್ನು ಅವಳು ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಇನ್ನೊಂದು ಸಲ ಬರೆದಳು.